ಹಡಪದೊಳಗಣ ಕತ್ತಿ

ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ಎಂದರೆ 16ನೆಯ ಶತಮಾನದ ನಡುಭಾಗದಲ್ಲಿ, ಕೊಂಡೋಜನೆಂಬ ನಾಪಿತನು, ರಾಜ್ಯದ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ಅಳಿಯ ರಾಮರಾಯನ ಮೆಚ್ಚುಗೆಗೆ ಪಾತ್ರನಾಗಿ ತನ್ನ ವೃತ್ತಿಯವರ ಮೇಲಣ ತೆರಿಗೆಗಳನ್ನು ಬಿಡಿಸಿದನೆಂಬ ಸಂಗತಿಯು ಬಾದಾಮಿಯ ಶಾಸನದಲ್ಲಿಯೂ ಚಿತ್ರದುರ್ಗ ಸೀಮೆಯ ಶಾಸನಗಳಲ್ಲಿಯೂ ಉಕ್ತವಾಗಿದೆ. ನಿತ್ಯವೂ ಕೊರಳ ಬಳಿ ಕತ್ತಿ ಹಿಡಿಯುವವನನ್ನು ಪ್ರಸನ್ನನಾಗಿರಿಸುವುದು ರಾಜನೀತಿಯೇ ಸರಿ!

ಅದೇ ಚಿತ್ರದುರ್ಗ ಸೀಮೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಆಯಗಾರನಾದ, ಎಂದರೆ ಊರ ಸೇವೆಗೆ ಬೆಳೆಯ ಪಾಲು ಪಡೆಯುವ, ಕೆಲಸಿಗೆ (ನಾಪಿತನಿಗೆ) ಸಲ್ಲುತ್ತಿದ್ದುದು ದುಡ್ಡಲ್ಲ, ಸುಗ್ಗಿಯ ಕಣದಲ್ಲಿ ಅಳೆದುಕೊಟ್ಟ ರಾಗಿ, ಜೋಳ. ಹಡಪವೆಂದರೆ ಎಲೆಯಡಕೆಯ ಚೀಲವೂ ಹೌದು, ಕ್ಷೌರಿಕನ ಚೀಲವೂ ಹೌದು. ಬಸವಣ್ಣನವರ ಒಡನಾಡಿ ಹಡಪದ ಅಪ್ಪಣ್ಣನವರನ್ನು ಈ ವೃತ್ತಿಯವರು ತಮ್ಮ ಹಿರಿಯರೆಂದು ನೆನೆಯುವರು.

ಆ ಚೀಲದೊಳಗಣ ಒಂಟಿ ಅಲಗಿನ ಕತ್ತಿಯು ಸ್ವಭಾವತಃ ಕ್ರೂರವಾದುದು. ಆದರೂ, ಅದನ್ನು ಸಾಣೆಕಲ್ಲಿನ ಮೇಲೆ ಮಸೆದು, ಚರ್ಮದ ಪಟ್ಟಿಗೆ ಹಿಂದುಮುಂದಾಗಿ ಸವರಿ, ಗಡ್ಡವನ್ನು ನೀರಿನಲ್ಲಿ ಚೆನ್ನಾಗಿ ನೆನೆಯಿಸಿ, ಎಡಗೈಯ ಹೆಬ್ಬೆರಳಿನಿಂದ ಕೆನ್ನೆಯನ್ನು ಬಿಗಿದೆಳೆದು, ಅಲಗನ್ನು ಸುಮಾರು 30 ಡಿಗ್ರಿ ಓರೆಯಾಗಿರಿಸಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ, ಕತ್ತಿಯ ಭಾರಕ್ಕೆ ತನ್ನ ಬಲವನ್ನು ಕೂಡಿಸದೆ ಎಳೆಯಬಲ್ಲವನ ಕೈಯಲ್ಲಿ ಅದು ನವಿಲುಗರಿಯಂತೆ ಹಾಯುತ್ತದೆ. ಗಂಟಲಿನ ಗಂಟಿನ ಬಳಿ ಬಂದಾಗ ಮಾತ್ರ ಕುಳಿತವನು ಉಗುಳು ನುಂಗಬಾರದು.

ಅಮೆರಿಕದ ಜಿಲೆಟ್ಟನು 1904ರಲ್ಲಿ ಪೇಟೆಂಟು ಪಡೆದ ಬಗೆಯ, ಸವೆದರೆ ಬಿಸಾಡುವ ಬ್ಲೇಡು ಬಂದ ಮೇಲೆ ಮಸೆಯುವ ವಿದ್ಯೆ ಮೂಲೆ ಸೇರಿತು. ಈಗ ಅಂಗಡಿಗಳಲ್ಲಿ ಕತ್ತಿಯ ಆಕಾರದ ಹಿಡಿಗೆ ಅರ್ಧಕ್ಕೆ ಮುರಿದ ಬ್ಲೇಡನ್ನು ಸಿಕ್ಕಿಸುವರು. ಮಂಗಳವಾರದ ರಜೆ ಮಾತ್ರ ತಪ್ಪಿಲ್ಲ.