ಸುಳ್ಳು ಹೇಳುವ ಮುಳ್ಳು

ಕಾರಿನ ಟೆಂಪರೇಚರ್ ಮೀಟರ್ ಹುಟ್ಟಿದ್ದು ಡ್ಯಾಶ್‌ಬೋರ್ಡಿನಲ್ಲಲ್ಲ, ಬಾನೆಟ್ಟಿನ ತುದಿಯಲ್ಲಿ, ರೇಡಿಯೇಟರಿನ ಮುಚ್ಚಳದ ಮೇಲೆ. 1912ರ ಸುಮಾರಿಗೆ ಅಮೆರಿಕದ ಹ್ಯಾರಿಸನ್ ಬಾಯ್ಸ್ ರೂಪಿಸಿದ ‘ಮೋಟೋಮೀಟರ್’ ದುಂಡು ಗಾಜಿನ ಮುಖದ ಪುಟ್ಟ ಥರ್ಮಾಮೀಟರು. ಅದರೊಳಗಿನ ನಳಿಕೆಯಲ್ಲಿ ಕೆಂಪು ದ್ರವ ಏರುವುದನ್ನು ಚಾಲಕ ಸೀಟಿನಲ್ಲಿ ಕುಳಿತೇ ನೋಡಬಹುದಿತ್ತು. ಫೋರ್ಡ್ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಿಂದ ಇಂಥದ್ದೇನೂ ಬರುತ್ತಿರಲಿಲ್ಲ. ಬಹುಪಾಲು ಮಾಡೆಲ್ ಟಿ ಗಾಡಿಗಳಲ್ಲಿ ನೀರಿನ ಪಂಪು ಕೂಡ ಇರಲಿಲ್ಲ. ಬಿಸಿನೀರು ತಾನಾಗಿ ಮೇಲೇರಬೇಕು, ತಣಿದು ಕೆಳಗಿಳಿಯಬೇಕು, ಅಷ್ಟೇ. ಹಾಗಾಗಿ ಮಾಲೀಕರು ಸ್ವಂತ ಕಾಸು ಕೊಟ್ಟು ಮೋಟೋಮೀಟರ್ ಕೂರಿಸಿಕೊಂಡರು.

ಆಗಿನ ರೇಡಿಯೇಟರುಗಳಲ್ಲಿ ಒತ್ತಡ ಹಿಡಿದಿಡುವ ಮುಚ್ಚಳ ಇರಲಿಲ್ಲವಾದ್ದರಿಂದ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯಲು 97 ಡಿಗ್ರಿ ಸಾಕು.

ಮೋಟೋಮೀಟರಿನ ಒಂದು ಗುಣವನ್ನು ಇಂದು ಬಹಳ ಮಂದಿ ಮರೆತಿದ್ದಾರೆ. ಅದು ಅಳೆಯುತ್ತಿದ್ದುದು ನೀರಿನ ಬಿಸಿಯನ್ನಲ್ಲ, ನೀರಿನ ಮೇಲಿನ ಆವಿಯ ಬಿಸಿಯನ್ನು. ಆದ್ದರಿಂದ ನೀರು ಸೋರಿ ಮಟ್ಟ ಇಳಿದರೂ ಅದು ಅಷ್ಟು ಸುಲಭವಾಗಿ ಮೋಸಹೋಗುತ್ತಿರಲಿಲ್ಲ. ಈಗಿನ ಸೆನ್ಸರು ಕೂಲಂಟಿನಲ್ಲಿ, ಅಂದರೆ ಎಂಜಿನ್ ತಣಿಸುವ ದ್ರವದಲ್ಲಿ, ಮುಳುಗಿರಬೇಕು. ಹೋಸ್ ಪೈಪು ಒಡೆದು ಕೂಲಂಟು ಹರಿದುಹೋದರೆ ಅದು ಬರಿಗಾಳಿಯಲ್ಲಿ ನೇತಾಡುತ್ತದೆ. ಎಂಜಿನ್ನಿನ ಹೆಡ್ಡು ಬಾಗುವಷ್ಟು ಕಾದಿರುವಾಗಲೇ ಮುಳ್ಳು ಕೆಳಗಿಳಿದು ‘ಎಲ್ಲ ಸರಿಯಿದೆ’ ಎನ್ನಬಹುದು. ಮೀಟರ್ ಕೆಟ್ಟಿದೆಯೇ ಎಂದು ನೋಡುವ ಮೊದಲು ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿನ ಮುಚ್ಚಳ ತೆರೆದು ಕೂಲಂಟಿನ ಮಟ್ಟ ನೋಡು ಎಂದು ಅನುಭವಸ್ಥ ಮೆಕ್ಯಾನಿಕ್ ಹುಡುಗರಿಗೆ ಹೇಳಿಕೊಡುವುದು ಇದಕ್ಕೇ.

1920ರ ದಶಕದ ಕೊನೆಗೆ ಮೀಟರು ಒಳಗೆ ಬಂತು. ಎಂಜಿನ್ನಿನಲ್ಲಿ ಒಂದು ಬುರುಡೆ, ಅಲ್ಲಿಂದ ಡ್ಯಾಶ್‌ಬೋರ್ಡಿನವರೆಗೆ ಕೂದಲೆಳೆಯಂಥ ಕೊಳವೆ, ಒಳಗೆ ಬೇಗ ಆವಿಯಾಗುವ ದ್ರವ. ಆವಿಯ ಒತ್ತಡಕ್ಕೆ ಬಾಗಿದ ನಳಿಕೆಯೊಂದು ನೇರವಾಗಲು ಹೋಗಿ ಮುಳ್ಳನ್ನು ತಿರುಗಿಸುತ್ತದೆ. ಈ ನಳಿಕೆ ಕಾರಿಗಿಂತ ಹಳೆಯದು. ಪ್ಯಾರಿಸ್ಸಿನ ಯೂಜೀನ್ ಬೂರ್ಡಾನ್ 1849ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಕೊಳವೆ ಎಲ್ಲಾದರೂ ಮುರಿದರೆ ಇಡೀ ಮೀಟರೇ ಸತ್ತಂತೆ.

ಆಮೇಲೆ ವಿದ್ಯುತ್ತಿನ ಕಾಲ. ಬಿಸಿ ಏರಿದಂತೆ ಕೆಲವು ವಸ್ತುಗಳ ವಿದ್ಯುತ್ ರೋಧ ಇಳಿಯುತ್ತದೆಂಬುದನ್ನು ಮೈಕೆಲ್ ಫ್ಯಾರಡೆ 1833ರಲ್ಲಿ ಸಿಲ್ವರ್ ಸಲ್ಫೈಡಿನಲ್ಲಿ ಕಂಡಿದ್ದ. ಒಂದು ಶತಮಾನ ಕಳೆದ ಮೇಲೆ ಅದೇ ಗುಣ ಥರ್ಮಿಸ್ಟರ್ ಆಗಿ ಎಂಜಿನ್ನಿಗೆ ಹೊಕ್ಕಿತು. ಇದರಿಂದ ದೋಷ ಹುಡುಕುವ ಒಂದು ಸೊಗಸಾದ ವಿಧಾನ ಗ್ಯಾರೇಜುಗಳಿಗೆ ದಕ್ಕಿತು. ಸೆನ್ಸರಿನ ವೈರು ಕಿತ್ತರೆ ಮುಳ್ಳು ತಣ್ಣನೆ ಕಡೆಗೆ ಬೀಳಬೇಕು. ಅದೇ ವೈರನ್ನು ಎಂಜಿನ್ನಿನ ಮೈಗೆ ಮುಟ್ಟಿಸಿದರೆ ಬಿಸಿ ಕಡೆಗೆ ಏರಬೇಕು. ಎರಡೂ ಆದರೆ ಮೀಟರು, ವೈರು ಸರಿ, ತಪ್ಪು ಸೆನ್ಸರಿನದು. 1960ರ ದಶಕದ ಹಲವು ಬ್ರಿಟಿಷ್ ಕಾರುಗಳಲ್ಲಿ ಇನ್ನೊಂದು ಸುಳಿವಿತ್ತು. ಪೆಟ್ರೋಲ್ ಮೀಟರೂ ಟೆಂಪರೇಚರ್ ಮೀಟರೂ ಒಟ್ಟಿಗೇ ಹೆಚ್ಚು ತೋರಿಸಿದರೆ ಅವೆರಡಕ್ಕೂ ಸುಮಾರು 10 ವೋಲ್ಟ್ ಹಂಚುವ ಸ್ಟೆಬಿಲೈಸರ್ ಕೈಕೊಟ್ಟಿದೆ ಎಂದರ್ಥ.

ಈ ಮೀಟರಿನೊಂದಿಗೆ ಇಂದು ಹೆಣೆದುಕೊಂಡಿರುವ ಏರ್ ಕಂಡೀಷನರ್ (ಎಸಿ) ಬೇರೆ ದಾರಿಯಲ್ಲಿ ಬಂತು. ಪ್ಯಾಕರ್ಡ್ ಕಂಪನಿ 1939ರ ಕೊನೆಯಲ್ಲಿ, 1940ರ ಮಾದರಿಗಳಿಗೆಂದು, ಎಸಿ ಜೋಡಿಸಿ ಮಾರಿತು. ತಣ್ಣಗಿನ ಸುರುಳಿ ಡಿಕ್ಕಿಯ ಸುಮಾರು ಅರ್ಧಭಾಗವನ್ನು ನುಂಗಿತ್ತು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಸಿ ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಬಿಚ್ಚಬೇಕು! 1941ರ ನಂತರ ಪ್ಯಾಕರ್ಡ್ ಅದನ್ನು ಕೈಬಿಟ್ಟಿತು. 1954ರಲ್ಲಿ ನ್ಯಾಶ್ ಕಂಪನಿ ಎಸಿ ಮತ್ತು ಹೀಟರನ್ನು ಒಂದೇ ವ್ಯವಸ್ಥೆಯಾಗಿಸಿ ಮುಂಭಾಗದಲ್ಲೇ ಅಡಕಗೊಳಿಸಿತು. ಇಂದಿನ ಕಾರುಗಳ ಎಸಿ ಬಹುಮಟ್ಟಿಗೆ ಆ ಜಾಡಿನದೇ.

ಎಸಿಯ ಮತ್ತು ಮೀಟರಿನ ಕಥೆಗಳು ಕೂಡಿಕೊಳ್ಳುವುದು ಬಾನೆಟ್ಟಿನ ಕೆಳಗೆ. ಕಾರಿನೊಳಗಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ಕುಳಿತಿರುವುದು ರೇಡಿಯೇಟರಿನ ಮುಂದೆ. ರೇಡಿಯೇಟರಿಗೆ ತಣ್ಣನೆ ಗಾಳಿಯ ಬದಲು ಕಂಡೆನ್ಸರ್ ದಾಟಿ ಬಂದ ಬೆಚ್ಚನೆ ಗಾಳಿ ಸಿಗುತ್ತದೆ, ಕಂಪ್ರೆಸರ್ ಎಳೆಯುವ ಶಕ್ತಿಯ ಹೊರೆಯೂ ಎಂಜಿನ್ನಿನ ಮೇಲೆ ಬೀಳುತ್ತದೆ. ಘಾಟಿ ಹತ್ತುವಾಗ ಎಸಿ ಆರಿಸುವ ರೂಢಿಯ ಹಿಂದೆ ಇಂಥ ಗಟ್ಟಿ ಕಾರಣವಿದೆ.

ಈಗ ಆ ಕೆಲಸವನ್ನು ಗಾಡಿಯ ಕಂಪ್ಯೂಟರೇ ಮಾಡುತ್ತದೆ. ಕೂಲಂಟ್ ಮಿತಿ ಮೀರಿ ಕಾದಿದೆ ಎಂದು ಸೆನ್ಸರ್ ಹೇಳಿದರೆ ಕಂಪ್ಯೂಟರು ಕಂಪ್ರೆಸರನ್ನು ಬಿಡಿಸುತ್ತದೆ. ಸೆನ್ಸರಿನ ವೈರೇ ತುಂಡಾದರೆ ಅದಕ್ಕೆ ಮೈನಸ್ 40 ಡಿಗ್ರಿಯಂಥ ಅಸಾಧ್ಯ ಅಂಕಿ ಕಾಣುತ್ತದೆ. ಆಗ P0118 ಎಂಬ ಕೋಡ್ ದಾಖಲಿಸಿ, ಅನೇಕ ಕಾರುಗಳಲ್ಲಿ ಫ್ಯಾನನ್ನು ಎಡೆಬಿಡದೆ ಓಡಿಸಿ, ಎಸಿಯನ್ನು ತಡೆಯುತ್ತದೆ. ಹಲವು ಮಾಲೀಕರ ಗಮನಕ್ಕೆ ಬರುವುದು ಎಸಿ ತಣ್ಣಗಾಗದಿರುವುದಷ್ಟೇ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಗೆ ಸೆನ್ಸರ್ ಕೊಳ್ಳಲು ಹೋದವರು ಇನ್ನೊಂದು ತಿಳಿದಿರಬೇಕು: ಹಲವು ಹಳೆಯ ಕಾರುಗಳಲ್ಲಿ ಮೀಟರಿಗೆ ಒಂದು, ಕಂಪ್ಯೂಟರಿಗೆ ಇನ್ನೊಂದು, ಹೀಗೆ ಎರಡು ಬೇರೆ ಸೆನ್ಸರುಗಳಿವೆ.

ಎಸಿ ತಣ್ಣಗಾಗದಾಗ ಇಷ್ಟೆಲ್ಲ ನೋಡದೆ ‘ಗ್ಯಾಸ್ ಹೋಗಿದೆ, ತುಂಬಿಸಿ’ ಎನ್ನುವುದು ನಿಜಕ್ಕೂ ನೋವಿನ ಸಂಗತಿ. ಎಸಿಗಳಲ್ಲಿ ದಶಕಗಳ ಕಾಲ ತುಂಬಿಸಿದ ಆರ್-12 ಅನಿಲ ಓಜೋನ್ ಪದರವನ್ನು ತಿನ್ನುತ್ತದೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. ಓಜೋನ್ ಕಾಪಾಡಲೆಂದು ಆದ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಆರ್-134ಎ ಬಂತು. ಅದು ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲಶಾಲಿ. ಎಸಿಯ ಕೊಳವೆಗಳು ಮುಚ್ಚಿದ ವ್ಯವಸ್ಥೆ. ಗ್ಯಾಸ್ ಗಣನೀಯವಾಗಿ ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ. ಅದನ್ನು ಹುಡುಕದೆ ತುಂಬಿಸಿದ್ದೂ ಗಾಳಿಗೇ ಹೋಗುತ್ತದೆ. ಮೊದಲು ಸ್ಕ್ಯಾನರ್ ಹಚ್ಚಿ ಅದು ತೋರಿಸುವ ಕೂಲಂಟಿನ ಬಿಸಿಯನ್ನು, ಥರ್ಮೋಸ್ಟಾಟ್ ಗೂಡಿನ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ತೋರಿಸುವ ಬಿಸಿಯನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಎರಡೂ ಹೆಚ್ಚುಕಡಿಮೆ ಹೊಂದಿ, ಮಿತಿಯೊಳಗಿದ್ದರೆ ಕಂಪ್ರೆಸರಿನ ಕಡೆ ತಿರುಗಬಹುದು. ತೀರಾ ಬೇರೆಯಾದರೆ ಸೆನ್ಸರು ಮತ್ತು ಅದರ ವೈರನ್ನು ಪರೀಕ್ಷಿಸಬೇಕು, ಗ್ಯಾಸ್ ಸಿಲಿಂಡರ್ ಅಲ್ಲಿಯವರೆಗೆ ಮೂಲೆಯಲ್ಲೇ ಇರಲಿ.