60 ಮೀಟರ್ ಬ್ಯಾಂಡ್

ಹವ್ಯಾಸಿ ರೇಡಿಯೋಗೆ ಮೀಸಲಾದ ಹ್ರಸ್ವತರಂಗ ಪಟ್ಟಿ, 5351.5ರಿಂದ 5366.5 ಕಿಲೋಹರ್ಟ್ಸ್‌ವರೆಗೆ. ಅಗಲ 15 ಕಿಲೋಹರ್ಟ್ಸ್ ಮಾತ್ರ. ಒತ್ತೊತ್ತಾಗಿ ಕೂತರೂ ಏಕಕಾಲಕ್ಕೆ ಐದು ಧ್ವನಿ ಸಂಭಾಷಣೆ ನಡೆದರೆ ಹೆಚ್ಚು.

ಹಂಚಿಕೆ

1979ರ ಜಾಗತಿಕ ರೇಡಿಯೋ ಸಮ್ಮೇಳನ ಹವ್ಯಾಸಿಗಳಿಗೆ 10, 18, 24 ಮೆಗಾಹರ್ಟ್ಸ್ ಪಟ್ಟಿಗಳನ್ನು ಕೊಟ್ಟರೂ 3.5 ಮತ್ತು 7ರ ನಡುವಿನ ತೆರಪು ಹಾಗೇ ಉಳಿದಿತ್ತು. ಅದು ತುಂಬಿದ್ದು 2015ರ ನವೆಂಬರಿನಲ್ಲಿ, ಜಿನೀವಾದ ಸಮ್ಮೇಳನದಲ್ಲಿ. ಅದೂ ದ್ವಿತೀಯಕ ಬಳಕೆದಾರರಾಗಿ. ಭಾರತವಿರುವ ಮೂರನೆಯ ರೇಡಿಯೋ ವಲಯದಲ್ಲಿ, ಆಂಟೆನಾದ ಲಾಭ ಸೇರಿಸಿ ಲೆಕ್ಕ ಹಾಕಿದ ವಿಕಿರಣ 15 ವಾಟ್ ಮೀರುವಂತಿಲ್ಲ. ಸಾಮಾನ್ಯ ಡೈಪೋಲ್‌ಗೆ ಉಣಿಸಬಹುದಾದದ್ದು ಹಾಗಾಗಿ ಸುಮಾರು 9 ವಾಟ್. ಜಿನೀವಾದ ಹಂಚಿಕೆಯೇ ಪರವಾನಗಿಯಲ್ಲ. ಇಲ್ಲಿ ಪ್ರಸಾರಕ್ಕೆ ದೂರಸಂಪರ್ಕ ಇಲಾಖೆಯ ರಾಷ್ಟ್ರೀಯ ಆವರ್ತನ ಯೋಜನೆ ಮತ್ತು ಪರವಾನಗಿಯ ಷರತ್ತುಗಳೇ ಆಧಾರ.

ಬೆಂಗಳೂರಿನಲ್ಲಿ ಉಪಯೋಗ

ನಗರದೊಳಗಿನ ಮಾತಿಗೆ 145 ಮೆಗಾಹರ್ಟ್ಸ್ ರಿಪೀಟರ್ ಸಾಕು. ಕೊಡಗು, ಮಂಗಳೂರುಗಳಿಗೆ ಘಟ್ಟ ಅಡ್ಡ ಬರುತ್ತದೆ. ಅಲೆಯನ್ನು ನೆತ್ತಿಯ ಕಡೆಗೆ ಎಸೆದು ಅಯಾನುಗೋಳದಿಂದ ಮರಳಿ ಪಡೆಯುವ ವಿಧಾನ ಅಲ್ಲಿ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಂಥ ಸಂದರ್ಭಕ್ಕೆ ಇದೇ ತಕ್ಕ ದಾರಿ. ಆದರೆ ಇದಕ್ಕೆ ಎಲ್ಲ ಪಟ್ಟಿಗಳೂ ಎಲ್ಲ ಹೊತ್ತಿನಲ್ಲೂ ಒದಗವು: 3.5 ಮೆಗಾಹರ್ಟ್ಸನ್ನು ನಡುಹಗಲಿನಲ್ಲಿ ಅಯಾನುಗೋಳದ ಕೆಳಗಿನ ಡಿ ಪದರ ನುಂಗುತ್ತದೆ. ಸೌರಚಟುವಟಿಕೆ ತಗ್ಗಿದ ವರ್ಷಗಳ ರಾತ್ರಿಯಲ್ಲಿ 7 ಮೆಗಾಹರ್ಟ್ಸ್ ಮೇಲಿನ ಎಫ್ ಪದರವನ್ನು ತೂರಿಹೋಗುತ್ತದೆ. ದೆಹಲಿ ಕೇಳಿಸೀತು, ಮೈಸೂರು ಕೇಳಿಸದು. ಆದರೂ ಹಗಲಿನಲ್ಲೂ 7 ಮೆಗಾಹರ್ಟ್ಸ್ ಕೈಕೊಡುತ್ತದೆ ಎಂಬ ಯುರೋಪಿನ ಕೈಪಿಡಿಗಳ ವಾದವನ್ನು ಇಲ್ಲಿಗೆ ಯಥಾವತ್ತು ತರಲಾಗದು. ಕಾಂತೀಯ ಸಮಭಾಜಕ ಹತ್ತಿರವಿರುವುದರಿಂದ ಹಗಲಿನಲ್ಲಿ 7 ಮೆಗಾಹರ್ಟ್ಸ್ ಇಲ್ಲಿ ಬಹುಪಾಲು ಕೈಕೊಡದು. 5 ಮೆಗಾಹರ್ಟ್ಸ್‌ನ ನಿಜವಾದ ಬೆಲೆ, ಎಫ್ ಪದರ ಅತಿ ಕ್ಷೀಣವಾಗುವ ಬೆಳಗಿನ ಜಾವದಲ್ಲಿ ಎನ್ನಬಹುದು.

ತಾರಸಿಯ ಲೆಕ್ಕ

ಅರ್ಧತರಂಗ ಡೈಪೋಲ್‌ಗೆ ಸುಮಾರು 26.6 ಮೀಟರ್ ತಂತಿ ಬೇಕು. ಜಯನಗರದ ಹಳೆಯ ಬ್ಲಾಕ್‌ಗಳ 60×40 ಅಡಿ ಸೈಟಿನ ಕರ್ಣ 22 ಮೀಟರ್: 7 ಮೆಗಾಹರ್ಟ್ಸ್‌ನ 20 ಮೀಟರ್ ತಂತಿ ಹಿಡಿಸುತ್ತದೆ, ಇದು ಹಿಡಿಸದು. ಎರಡೂ ತುದಿಗಳನ್ನು ಎರಡೂಕಾಲು ಮೀಟರಿನಷ್ಟು, ಕೈಗೆಟುಕದಂತೆ, ಕೆಳಕ್ಕೆ ಇಳಿಬಿಡಬೇಕು. ಜೆ.ಪಿ. ನಗರ, ಬನಶಂಕರಿಗಳ 30×40 ಸೈಟಿಗೆ (ಕರ್ಣ 15 ಮೀಟರ್) ಅದೂ ಸಾಲದು. ಸುರುಳಿ ಸೇರಿಸಿ ತಂತಿಯನ್ನು ಮೊಟಕುಗೊಳಿಸಬೇಕು. ಎತ್ತರದ ವಿಷಯದಲ್ಲಿ ಮಾತ್ರ ಅನುಕೂಲ: ನೆತ್ತಿಯ ವಿಕಿರಣಕ್ಕೆ 6ರಿಂದ 14 ಮೀಟರ್ ಒಳ್ಳೆಯದು, ಮೂರಂತಸ್ತಿನ ಮನೆಗೆ ಗೋಪುರ ಬೇಡ. ತಾರಸಿಗೆ ತೀರ ಹತ್ತಿರ ಕಟ್ಟಿದರೆ ಕಾಂಕ್ರೀಟಿನೊಳಗಿನ ಕಬ್ಬಿಣ ಆಂಟೆನಾದ ಶ್ರುತಿ ಕೆಡಿಸುತ್ತದೆ.

ಗದ್ದಲ

ಬಿ.ಟಿ.ಎಂ. ಲೇಔಟಿನಂಥ ಒತ್ತು ಕಟ್ಟಡಗಳಲ್ಲಿ ಎಲ್‌ಇಡಿ ದೀಪ, ಚಾರ್ಜರ್‌ಗಳ ಗದ್ದಲ 9 ವಾಟಿನ ದೂರದ ದನಿಯನ್ನು ಮುಚ್ಚಬಲ್ಲದು. ಕರೆಂಟು ಹೋದಾಗ ಇವು ಸುಮ್ಮನಾಗುತ್ತವೆ, ಯುಪಿಎಸ್‌ಗಳ ಗದ್ದಲ ಶುರುವಾಗುತ್ತದೆ.