ಜಂಕ್ಷನ್ (ಪದ)

ಜಂಕ್ಷನ್ ಎಂಬುದು ರೈಲುಮಾರ್ಗಗಳು ಅಥವಾ ರಸ್ತೆಗಳು ಕೂಡುವ ಸ್ಥಳವನ್ನು ಸೂಚಿಸುವ ಇಂಗ್ಲಿಷ್ ಪದ. ಕನ್ನಡದಲ್ಲಿ ಇದು ಹೆಚ್ಚಾಗಿ ರೈಲು ನಿಲ್ದಾಣಗಳ ಹೆಸರಿನೊಡನೆ ಬಳಕೆಯಲ್ಲಿದೆ. ಬೆಂಗಳೂರು, ಗದಗ ಹಾಗೂ ಧಾರವಾಡ–ಲೋಂಡಾ ಕಡೆಯ ಮಾರ್ಗಗಳು ಸೇರುವ ಹುಬ್ಬಳ್ಳಿ ಜಂಕ್ಷನ್ ಇದಕ್ಕೆ ಪರಿಚಿತ ಉದಾಹರಣೆ. 2020ರಲ್ಲಿ ಆ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರಿಡಲಾಗಿದೆ.

ವ್ಯುತ್ಪತ್ತಿ

ಪದದ ಮೂಲ ‘ಯುಂಗೆರೆ’ ಎಂಬ ಲ್ಯಾಟಿನ್ ಕ್ರಿಯಾಪದ. ಕೂಡಿಸು, ನೊಗಕ್ಕೆ ಹೂಡು ಎಂದು ಅದರ ಅರ್ಥ. ಅದರಿಂದ ಹುಟ್ಟಿದ ಭಾವನಾಮ ‘ಯುಂಕ್ತಿಯೊ’. ಇಂಗ್ಲಿಷಿನಲ್ಲಿ 18ನೇ ಶತಮಾನದ ಆರಂಭದಲ್ಲಿ ಈ ಪದಕ್ಕೆ ‘ಕೂಡುವಿಕೆ’ ಎಂಬ ಅರ್ಥವಿತ್ತು. 19ನೇ ಶತಮಾನದಲ್ಲಿ ರೈಲುಮಾರ್ಗಗಳು ಹಬ್ಬಿದಂತೆ ಅವು ಸಂಧಿಸುವ ಸ್ಥಳಕ್ಕೆ ರೂಢವಾಯಿತು. ಲ್ಯಾಟಿನ್ನಿನ ಯಕಾರ ಹಳೆಯ ಫ್ರೆಂಚಿನಲ್ಲಿ ಜಕಾರವಾಯಿತು. ಇಂಗ್ಲಿಷ್ ಆ ಉಚ್ಚಾರವನ್ನೇ ಅನುಸರಿಸಿದೆ.

ಸಂಸ್ಕೃತದೊಡನೆ ಸಂಬಂಧ

‘ಯೋಗ’ ಶಬ್ದದಿಂದಲೇ ‘ಜಂಕ್ಷನ್’ ಹುಟ್ಟಿತೆಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ, ಆದರೆ ನಿರಾಧಾರವೂ ಅಲ್ಲ. ಇವೆರಡೂ ತಾಯಿ-ಮಗಳಲ್ಲ, ಒಂದೇ ಮನೆತನದ ದಾಯಾದಿಗಳು. ಸಂಸ್ಕೃತದ ‘ಯುಜ್’ ಧಾತುವೂ ಲ್ಯಾಟಿನ್ನಿನ ‘ಯುಂಗೆರೆ’ಯೂ ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದೇ ಧಾತುವಿನಿಂದ ಬಂದವು. ನೊಗಕ್ಕೆ ಸಂಸ್ಕೃತದಲ್ಲಿ ‘ಯುಗ’, ಲ್ಯಾಟಿನ್ನಿನಲ್ಲಿ ‘ಯುಗುಮ್’, ಗ್ರೀಕಿನಲ್ಲಿ ‘ಜುಗೊನ್’, ಇಂಗ್ಲಿಷಿನಲ್ಲಿ ‘ಯೋಕ್’ ಎನ್ನುತ್ತಾರೆ. ‘ಯೋಕ್’ ಲ್ಯಾಟಿನ್ನಿನಿಂದ ಪಡೆದ ಎರವಲಲ್ಲ. ಜರ್ಮಾನಿಕ್ ಶಾಖೆಯ ಮೂಲಕ ಬಂದ ಸ್ವಂತ ಪದ.

ಧ್ವನಿಸಾಮ್ಯಕ್ಕಿಂತ ಬಲವಾದ ಸಾಕ್ಷ್ಯ ವ್ಯಾಕರಣದಲ್ಲಿದೆ. ‘ಯುಜ್’ ರುಧಾದಿ ಗಣದ ಧಾತುವಾದ್ದರಿಂದ ವರ್ತಮಾನಕಾಲದಲ್ಲಿ ಅದರ ನಡುವೆ ಅನುನಾಸಿಕವೊಂದು ಸೇರಿ ‘ಯುನಕ್ತಿ’, ‘ಯುಂಜಂತಿ’ ಎಂಬ ರೂಪಗಳಾಗುತ್ತವೆ. ಲ್ಯಾಟಿನ್ನಿನಲ್ಲಿಯೂ ‘ಅವರು ಕೂಡಿಸುತ್ತಾರೆ’ ಎಂಬುದಕ್ಕೆ ‘ಯುಂಗುಂತ್’ ಎನ್ನುತ್ತಾರೆ. ಸಂಸ್ಕೃತದ ‘ಯುಕ್ತ’ದಲ್ಲಿ ಈ ಅನುನಾಸಿಕ ಕಾಣುವುದಿಲ್ಲ, ಲ್ಯಾಟಿನ್ನಿನ ‘ಯುಂಕ್ತುಸ್’ನಲ್ಲಿ ಉಳಿದಿದೆ. ‘ಜಂಕ್ಷನ್’ ಪದದಲ್ಲಿರುವ ಸೊನ್ನೆ ಅದೇ ಅನುನಾಸಿಕ.

ಸಂಬಂಧಿತ ಪದಗಳು

ಜಾಯಿಂಟ್, ಕಂಜಂಕ್ಷನ್ ಮುಂತಾದವು ಇದೇ ಲ್ಯಾಟಿನ್ ಧಾತುವಿನವು. ಸೋತ ಶತ್ರುಗಳನ್ನು ರೋಮನ್ನರು ಈಟಿಗಳಿಂದ ಕಟ್ಟಿದ ನೊಗದ ಕೆಳಗೆ ಬಾಗಿ ನಡೆಸುತ್ತಿದ್ದರು. ಅಧೀನಗೊಳಿಸು ಎಂಬರ್ಥದ ‘ಸಬ್ಜುಗೇಟ್’ ಪದ ‘ನೊಗದ ಕೆಳಗೆ’ ಎಂಬ ಮಾತಿನಿಂದ ಬಂದಿದೆ. ಕನ್ನಡದಲ್ಲಿ ಬಳಕೆಯಲ್ಲಿರುವ ಸಂಯೋಗ, ಯುಗ್ಮ, ಪ್ರಯೋಗ, ಉದ್ಯೋಗಗಳು ‘ಯುಜ್’ ಧಾತುವಿನ ಕಡೆಯವು. ‘ಸಂಯುಕ್ತಾಕ್ಷರ’ಕ್ಕೆ ಇಂಗ್ಲಿಷಿನಲ್ಲಿ ಬಳಸುವ ‘ಕಂಜಂಕ್ಟ್’ ಪದದ ರಚನೆಯೂ ‘ಸಂಯುಕ್ತ’ದಂತೆಯೇ ಇದೆ. ಆದರೆ ವಿದ್ಯಾರ್ಥಿಗಳು ಒಂದು ವ್ಯತ್ಯಾಸವನ್ನು ಗಮನಿಸಬೇಕು: ಇಲ್ಲಿ ಧಾತುಗಳು ಸಂಬಂಧಿಗಳೇ ಹೊರತು ‘ಕನ್’ ಮತ್ತು ‘ಸಂ’ ಎಂಬ ಉಪಸರ್ಗಗಳಲ್ಲ. ಅವುಗಳ ಅರ್ಥ ಹೊಂದುತ್ತದೆ, ಮೂಲ ಬೇರೆ.